ಸೋಫಿಯಾ ಪ್ರವಾಸ: ವೀಸಾದಿಂದ ವಾಪಸ್ ವಿಮಾನದವರೆಗೆ, ಎಡವುವ ಜಾಗಗಳ ಸಮೇತ

ಬಲ್ಗೇರಿಯಾದ ರಾಜಧಾನಿ ಸೋಫಿಯಾಕ್ಕೆ ಹೋಗುವವರ ತಪ್ಪುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಸಿಂಗಲ್ ಎಂಟ್ರಿ ವೀಸಾದಲ್ಲಿ ಪಕ್ಕದ ದೇಶಕ್ಕೊಂದು ಸುತ್ತು ಹೋಗಿ ಬರೋಣ ಎಂದು ಹೊರಡುತ್ತಾರೆ, ಗಡಿಯಲ್ಲಿ ಸಿಕ್ಕಿಬೀಳುತ್ತಾರೆ. ರಿಲಾ ಮಠದ ಬಸ್ಸಿಗೆ ಸೆಂಟ್ರಲ್ ಬಸ್ ನಿಲ್ದಾಣದಲ್ಲಿ ಕಾಯುತ್ತಾರೆ, ಅದು ಊರಿನ ಇನ್ನೊಂದು ಮೂಲೆಯಿಂದ ಹೊರಟುಹೋಗಿರುತ್ತದೆ. ಹೆಸರಾಂತ ಟ್ಯಾಕ್ಸಿ ಕಂಪನಿಯ ನಕಲಿ ಕಾರು ಹತ್ತಿ ಹಲವು ಪಟ್ಟು ಬಾಡಿಗೆ ಕೊಡುತ್ತಾರೆ. ಇಲ್ಲಿ ಏನೇನು ನೋಡಬೇಕು ಎಂಬ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಯಾವ ದಿನ ಯಾವುದು, ಯಾವುದಾದ ಮೇಲೆ ಯಾವುದು ಎಂಬುದನ್ನು ಮೊದಲೇ ಕೂಡಿಸಿಕೊಳ್ಳದೆ ಹೋದರೆ ಕೈಲಿರುವ ಪಟ್ಟಿಯಲ್ಲಿ ಅರ್ಧ ಉಳಿದುಹೋಗುತ್ತದೆ.

## ಹಂತ 1: ವೀಸಾ, ಅದರಲ್ಲೂ 'ಎಂಟ್ರಿ' ಕಾಲಂ

ಬಲ್ಗೇರಿಯಾದ ವಿಮಾನ ಮತ್ತು ಸಮುದ್ರ ಮಾರ್ಗಗಳು 2024ರ ಮಾರ್ಚ್ 31ರಂದು ಷೆಂಗೆನ್ ವ್ಯವಸ್ಥೆಗೆ (ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಬಹುದಾದ ಒಕ್ಕೂಟ) ಸೇರಿದವು, ಭೂಗಡಿಗಳು 2025ರ ಜನವರಿ 1ರಂದು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಈಗ ಬೇಕಿರುವುದು ಮಾಮೂಲಿ ಷೆಂಗೆನ್ ವೀಸಾ. 'ಬಲ್ಗೇರಿಯಾಕ್ಕೆ ಪ್ರತ್ಯೇಕ ವೀಸಾ ಬೇಕು', 'ಬಲ್ಗೇರಿಯಾದಲ್ಲಿ ಕಳೆದ ದಿನಗಳು ಷೆಂಗೆನ್ ಲೆಕ್ಕಕ್ಕೆ ಬರುವುದಿಲ್ಲ' ಎನ್ನುವ ಬರಹ ಕಂಡರೆ ಅದು ಹಳೆಯದು ಎಂದು ತಿಳಿದು ಬದಿಗಿಡಿ. 180 ದಿನಗಳಲ್ಲಿ 90 ದಿನ ಎನ್ನುವ ಮಿತಿಗೆ ಇಲ್ಲಿನ ದಿನಗಳೂ ಸೇರುತ್ತವೆ.

ಅರ್ಜಿ ಯಾವ ದೇಶಕ್ಕೆ ಹಾಕಬೇಕು? ಹೆಚ್ಚು ದಿನ ಉಳಿಯುವ ದೇಶಕ್ಕೆ. ಎರಡು ದೇಶಗಳಲ್ಲಿ ಸಮನಾದ ದಿನಗಳಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಆರು ದಿನ ಜರ್ಮನಿ, ನಾಲ್ಕು ದಿನ ಸೋಫಿಯಾ ಎಂದಿದ್ದರೆ ಅರ್ಜಿ ಜರ್ಮನಿಗೆ ಹೋಗಬೇಕು. ಎಲ್ಲಿ ಸುಲಭವಾಗಿ ಸಿಗುತ್ತದೆ ಎಂದು ನೋಡಿ ಅರ್ಜಿ ಹಾಕುವುದು ತಿರಸ್ಕಾರಕ್ಕೆ ನೇರ ದಾರಿ.

ಅರ್ಜಿಗೆ ಮುಂಚೆ ಇಷ್ಟನ್ನು ಪರೀಕ್ಷಿಸಿಕೊಳ್ಳಿ:

- ಪಾಸ್‌ಪೋರ್ಟಿನ ಅವಧಿ ಯುರೋಪ್ ಬಿಡುವ ದಿನದಿಂದ ಕನಿಷ್ಠ 3 ತಿಂಗಳು ಮುಂದಿರಬೇಕು, ಎರಡು ಖಾಲಿ ಪುಟ ಇರಬೇಕು.
- ಪ್ರವಾಸ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವಂಥದ್ದು, ಎಲ್ಲ ಷೆಂಗೆನ್ ದೇಶಗಳಿಗೂ ಅನ್ವಯಿಸುವಂಥದ್ದು.
- ವಯಸ್ಕರಿಗೆ ಶುಲ್ಕ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಸೇವಾ ಕೇಂದ್ರದ ಶುಲ್ಕ ಬೇರೆ.
- ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದಲೂ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಎಂದಿದ್ದರೂ ಅದನ್ನು ನಂಬಿಕೊಂಡು ಕೂರಬೇಡಿ.

ಇನ್ನು ಎಂಟ್ರಿ ವಿಚಾರ. ಸೋಫಿಯಾದಿಂದ ಸರ್ಬಿಯಾದ ಗಡಿ ಸುಮಾರು ಒಂದು ಗಂಟೆಯ ದಾರಿ. ಉತ್ತರ ಮ್ಯಾಸಿಡೋನಿಯಾದ ಸ್ಕೋಪ್ಯೆಗೂ ಬಸ್ಸುಗಳಿವೆ. ಸ್ಥಳೀಯ ಟೂರ್ ಏಜೆಂಟರು 'ಒಂದು ದಿನದಲ್ಲಿ ನಿಶ್' (ಇದು ಸರ್ಬಿಯಾದ ಊರು), 'ಒಂದು ದಿನದಲ್ಲಿ ಸ್ಕೋಪ್ಯೆ' ಎಂದು ಮಾರುತ್ತಾರೆ. ಎರಡೂ ಷೆಂಗೆನ್ ಹೊರಗಿನವು. ಸಿಂಗಲ್ ಎಂಟ್ರಿ ವೀಸಾದವರು ಗಡಿ ದಾಟಿದ ಕ್ಷಣವೇ ಆ ವೀಸಾ ಮುಗಿಯಿತು. ಸೋಫಿಯಾದ ಹೋಟೆಲಿನಲ್ಲಿ ಲಗೇಜ್, ಅಲ್ಲಿಂದಲೇ ವಾಪಸ್ ವಿಮಾನ, ಆದರೆ ಒಳಗೆ ಬರುವಂತಿಲ್ಲ. ವೀಸಾ ಸ್ಟಿಕ್ಕರಿನಲ್ಲಿ ಎಂಟ್ರಿ ಸಂಖ್ಯೆ 'ಮಲ್ಟಿಪಲ್' ಎಂದಿದ್ದರೆ ಮಾತ್ರ ಇಂಥ ಟೂರುಗಳನ್ನು ಯೋಚಿಸಿ. ಏಜೆಂಟರು ಇದನ್ನು ಕೇಳುವುದಿಲ್ಲ, ಅವರ ಗಿರಾಕಿಗಳಲ್ಲಿ ಬಹುಪಾಲು ಯುರೋಪಿನವರೇ.

ಜರ್ಮನಿ, ನೆದರ್‌ಲ್ಯಾಂಡ್ಸ್‌ನಂಥ ಕಡೆ ನೆಲೆಸಿರುವ ಕನ್ನಡಿಗರಿಗೆ ಅಲ್ಲಿನ ರೆಸಿಡೆನ್ಸ್ ಪರ್ಮಿಟ್ ಸಾಕು, ವೀಸಾ ಬೇಡ. ಪಾಸ್‌ಪೋರ್ಟ್ ಮಾತ್ರ ಮನೆಯಲ್ಲಿ ಬಿಡಬೇಡಿ. ಬ್ರಿಟನ್ನಿನಲ್ಲಿರುವವರಿಗೆ ಭಾರತದಲ್ಲಿರುವವರಂತೆಯೇ ವೀಸಾ ಬೇಕು.

## ಹಂತ 2: ದಿನಗಳ ಜೋಡಣೆ

ನಾಲ್ಕು ರಾತ್ರಿ ಸರಿಯಾದ ಅಳತೆ. ಎರಡೇ ರಾತ್ರಿ ಇಟ್ಟುಕೊಂಡವರು ರಿಲಾ ಮಠ ಅಥವಾ ವಿಟೋಶಾ ಬೆಟ್ಟ ಬಿಡಬೇಕಾಗುತ್ತದೆ, ಎರಡನ್ನೂ ಬಿಟ್ಟರೆ ಸೋಫಿಯಾಕ್ಕೆ ಬಂದದ್ದೇ ದಂಡ.

ವಾರದ ದಿನಗಳಿಗೆ ಇಲ್ಲಿ ಬೆಲೆ ಇದೆ. ಸೋಮವಾರ ಹಲವು ಮ್ಯೂಸಿಯಂಗಳ ಬಾಗಿಲು ಮುಚ್ಚಿರುತ್ತದೆ. ಶನಿವಾರ ಯಹೂದಿ ಮಂದಿರಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ. ವಿಟೋಶಾದ ಮೇಲಕ್ಕೆ ಹೋಗುವ ಬಸ್ಸು ಸಿಗುವುದು ಹೆಚ್ಚಾಗಿ ವಾರಾಂತ್ಯದಲ್ಲಿ. ರಿಲಾದಲ್ಲಿ ವಾರಾಂತ್ಯಕ್ಕೆ ನೂಕುನುಗ್ಗಲು. ಇವನ್ನೆಲ್ಲ ಕೂಡಿಸಿ ನೋಡಿದರೆ ಉಳಿಯುವ ಜೋಡಣೆ ಹೀಗೆ: ಬುಧವಾರ ಇಳಿಯುವುದು, ಗುರುವಾರ ನಗರದ ಮಧ್ಯಭಾಗ, ಶುಕ್ರವಾರ ರಿಲಾ, ಶನಿವಾರ ವಿಟೋಶಾ ಮತ್ತು ಬೊಯಾನಾ ಚರ್ಚ್, ಭಾನುವಾರ ಹೊರಡುವುದು.

ಋತು: ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯವು. ಸೋಫಿಯಾ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿ, ಬೆಟ್ಟಗಳ ನಡುವಿನ ತಗ್ಗಿನಲ್ಲಿದೆ. ಚಳಿಗಾಲದಲ್ಲಿ ತಣ್ಣನೆಯ ಗಾಳಿ ಆ ತಗ್ಗಿನಲ್ಲೇ ನಿಂತುಬಿಡುತ್ತದೆ, ಸೌದೆ ಕಲ್ಲಿದ್ದಲಿನ ಹೊಗೆಯೂ ಅದರಲ್ಲೇ ಸೇರಿಕೊಳ್ಳುತ್ತದೆ. ಉಬ್ಬಸ ಇರುವವರು ಡಿಸೆಂಬರ್, ಜನವರಿ ಬಿಡುವುದು ಮೇಲು. ಆರ್ಥಡಾಕ್ಸ್ ಈಸ್ಟರ್ ರಜೆಯ ದಿನಾಂಕವನ್ನೂ ನೋಡಿಕೊಳ್ಳಿ, ಅದು ನಮ್ಮ ಕ್ಯಾಲೆಂಡರಿನ ಗುಡ್ ಫ್ರೈಡೇ ಜೊತೆ ಎಲ್ಲ ವರ್ಷವೂ ಹೊಂದುವುದಿಲ್ಲ.

## ಹಂತ 3: ಹಣ

2026ರ ಜನವರಿ 1ರಿಂದ ಬಲ್ಗೇರಿಯಾದ ಹಣ ಯೂರೋ. ಹಳೆಯ ನಾಣ್ಯ ಲೆವ್ ಜನವರಿ ತಿಂಗಳು ಮಾತ್ರ ಜೊತೆಯಲ್ಲಿ ಚಲಾವಣೆಯಲ್ಲಿತ್ತು, ಈಗ ಅಂಗಡಿಗಳಲ್ಲಿ ನಡೆಯುವುದಿಲ್ಲ. ಊರಿನಿಂದಲೇ ಯೂರೋ ಒಯ್ಯಿರಿ. 'ಒಳ್ಳೆ ರೇಟಿಗೆ ಲೆವ್ ಕೊಡುತ್ತೇನೆ' ಎಂದು ಬೀದಿಯಲ್ಲಿ ಯಾರಾದರೂ ಹತ್ತಿರ ಬಂದರೆ ನಿಲ್ಲದೆ ನಡೆಯಿರಿ. ಚಿಲ್ಲರೆ ವಾಪಸ್ ತೆಗೆದುಕೊಳ್ಳುವಾಗ ನೋಟು, ನಾಣ್ಯ ಯೂರೋದವೇ ಎಂದು ನೋಡಿ. ಹಿಂದಿನ ಪ್ರವಾಸದ ಲೆವ್ ನೋಟು ಮನೆಯಲ್ಲಿ ಉಳಿದಿದ್ದರೆ ಬಲ್ಗೇರಿಯನ್ ನ್ಯಾಷನಲ್ ಬ್ಯಾಂಕಿನಲ್ಲಿ ಬದಲಿಸಿಕೊಳ್ಳಬಹುದು, ದರ ಖಾಯಂ: 1 ಯೂರೋಗೆ 1.95583 ಲೆವ್. ಹಳೆಯ ಬರಹಗಳಲ್ಲಿ ಕಾಣುವ ಬೆಲೆಗಳನ್ನೂ ಹೀಗೆಯೇ ಅರ್ಧ ಮಾಡಿ ಓದಿಕೊಳ್ಳಿ.

ಎಟಿಎಂ ಪರದೆಯಲ್ಲಿ 'ರೂಪಾಯಿಯಲ್ಲಿ ಕಡಿತಗೊಳಿಸಲೇ?' ಎಂಬ ಪ್ರಶ್ನೆ ಬಂದರೆ ಬೇಡ ಎನ್ನಿ, ಯೂರೋ ಆರಿಸಿ. ರೂಪಾಯಿ ಒತ್ತಿದರೆ ಆ ಯಂತ್ರದವರು ಇಟ್ಟ ದುಬಾರಿ ದರ ಬೀಳುತ್ತದೆ. ಕಾರ್ಡು ಬಹುತೇಕ ಕಡೆ ನಡೆಯುತ್ತದೆ. ಸಂತೆ, ಸಣ್ಣ ಬೇಕರಿ, ಸಾರ್ವಜನಿಕ ಶೌಚಾಲಯ, ಚರ್ಚಿನ ಮೇಣದಬತ್ತಿ ಇಷ್ಟಕ್ಕೆ ಚಿಲ್ಲರೆ ಇಟ್ಟುಕೊಳ್ಳಿ.

## ಹಂತ 4: ಆರು ಅಕ್ಷರ, ಒಂದು ತಲೆಯಾಟ

ಬಸ್ಸಿನ ಬೋರ್ಡುಗಳಲ್ಲಿ ಸಿರಿಲಿಕ್ ಲಿಪಿಯೇ ಹೆಚ್ಚು. ಪೂರ್ತಿ ಕಲಿಯಬೇಕಿಲ್ಲ. ಮೋಸ ಮಾಡುವುದು ಇಂಗ್ಲಿಷಿನಂತೆಯೇ ಕಾಣುವ ಆರು ಅಕ್ಷರಗಳು: 'ಬಿ' ಆಕಾರದ್ದು ವ, 'ಎಚ್' ಆಕಾರದ್ದು ನ, 'ಪಿ' ಆಕಾರದ್ದು ರ, 'ಸಿ' ಆಕಾರದ್ದು ಸ, 'ಎಕ್ಸ್' ಆಕಾರದ್ದು ಹ, 'ವೈ' ಆಕಾರದ್ದು ಉ. ಇಷ್ಟು ಗೊತ್ತಿದ್ದರೆ 'ಪಿ' ಆಕಾರದಿಂದ ಶುರುವಾಗುವ ಬೋರ್ಡು ರಿಲಾದ್ದಿರಬಹುದು, 'ಸಿ'ಯಿಂದ ಶುರುವಾದದ್ದು ಸೋಫಿಯಾ ಇರಬಹುದು ಎಂದು ಗುರುತು ಸಿಗುತ್ತದೆ. ಹೋಗಬೇಕಾದ ಜಾಗಗಳ ಹೆಸರನ್ನು ಸಿರಿಲಿಕ್‌ನಲ್ಲೇ ಫೋನಿನಲ್ಲಿ ಉಳಿಸಿಟ್ಟುಕೊಂಡು ಚಾಲಕರಿಗೆ ತೋರಿಸಿ.

ಬಲ್ಗೇರಿಯನ್ನರು ಹೌದು ಎನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ, ಇಲ್ಲ ಎನ್ನಲು ಮೇಲೆ ಕೆಳಗೆ. ಪ್ರವಾಸಿಗರ ಜೊತೆ ಮಾತಾಡುವಾಗ ಕೆಲವರು ತಿರುವಿ ಹಾಕುವುದೂ ಉಂಟು. ಅದರ ಮೇಲೆ ನಮ್ಮವರ ಓಲಾಟದ ತಲೆಯಾಟ ಸೇರಿದರೆ ಮುಗಿದೇ ಹೋಯಿತು. 'ಈ ಬಸ್ಸು ರಿಲಾಕ್ಕಾ?' ಎಂದು ಕೇಳಿದಾಗ ತಲೆ ನೋಡಬೇಡಿ, ಬಾಯಿ ಕೇಳಿಸಿಕೊಳ್ಳಿ: 'ದಾ' ಎಂದರೆ ಹೌದು, 'ನೆ' ಎಂದರೆ ಇಲ್ಲ. ನೀವೂ ಬಾಯಲ್ಲೇ ಹೇಳಿ.

## ಹಂತ 5: ವಿಮಾನ ನಿಲ್ದಾಣದಿಂದ ಊರೊಳಗೆ

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ದೋಹಾ ಅಥವಾ ದುಬೈ ಮೂಲಕ ಬಂದರೆ ಇಮಿಗ್ರೇಷನ್ ಸೋಫಿಯಾದಲ್ಲಿ. ಫ್ರಾಂಕ್‌ಫರ್ಟ್, ಮ್ಯೂನಿಕ್ ಮೂಲಕ ಬಂದರೆ ಅಲ್ಲೇ ಮುಗಿಯುತ್ತದೆ, ಹಾಗಾಗಿ ಅಲ್ಲಿ ವಿಮಾನ ಬದಲಿಸಲು ಕನಿಷ್ಠ ಎರಡೂವರೆ ಗಂಟೆ ಇಟ್ಟುಕೊಳ್ಳಿ. 2025ರ ಅಕ್ಟೋಬರ್ 12ರಿಂದ ಯುರೋಪಿನ ಹೊಸ ಪ್ರವೇಶ ನಿರ್ಗಮನ ವ್ಯವಸ್ಥೆ ಶುರುವಾಗಿದೆ. ಮೊದಲ ಸಲ ಬರುವವರ ಬೆರಳಚ್ಚು, ಮುಖದ ಫೋಟೋ ತೆಗೆಯುವುದರಿಂದ ಸಾಲು ನಿಧಾನ.

ಸೋಫಿಯಾದಲ್ಲಿ ಎರಡು ಟರ್ಮಿನಲ್. ಮೆಟ್ರೋ ಇರುವುದು ಟರ್ಮಿನಲ್ 2ರ ಪಕ್ಕದಲ್ಲಿ. ಟರ್ಮಿನಲ್ 1ರಲ್ಲಿ ಇಳಿದರೆ ಉಚಿತ ಶಟಲ್ ಬಸ್ಸಿನಲ್ಲಿ 2ಕ್ಕೆ ಬನ್ನಿ. ಮೆಟ್ರೋ ಗೇಟಿನಲ್ಲಿ ಬ್ಯಾಂಕ್ ಕಾರ್ಡ್ ತಾಗಿಸಿದರೆ ಸಾಕು, ಟಿಕೆಟ್ ಒಂದು ಯೂರೋ ಒಳಗೇ. ಊರಿನ ನಡುವಿನ ಸೆರ್ದಿಕಾ ನಿಲ್ದಾಣಕ್ಕೆ ಅರ್ಧ ಗಂಟೆಯೊಳಗೆ ತಲುಪುತ್ತೀರಿ. ಹೊರಡುವ ಮೊದಲು ನಿಮ್ಮ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಮತ್ತು 'ಟ್ಯಾಪ್' ಪಾವತಿ ಎರಡನ್ನೂ ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿರಬೇಕು. ಭಾರತದ ಕಾರ್ಡುಗಳಲ್ಲಿ ಇವು ಸಾಮಾನ್ಯವಾಗಿ ಆಫ್ ಇರುತ್ತವೆ, ಗೇಟಿನ ಮುಂದೆ ನಿಂತವರ ತಕರಾರಿಗೆ ಹೆಚ್ಚಿನ ಸಲ ಇದೇ ಕಾರಣ.

ತಲೆಗೊಂದು ಕಾರ್ಡು ಬೇಕು. ಬೆಳಗ್ಗೆ ಯಾವುದನ್ನು ತಾಗಿಸಿದಿರೋ ದಿನವಿಡೀ ಅದನ್ನೇ ತಾಗಿಸಿ: ದಿನಕ್ಕೊಂದು ಗರಿಷ್ಠ ಮಿತಿ ಇದ್ದು, ಅದು ಕಾರ್ಡುವಾರು ಲೆಕ್ಕ. ಫೋನಿನಲ್ಲಿರುವ ಅದೇ ಕಾರ್ಡು ಯಂತ್ರದ ಕಣ್ಣಿಗೆ ಬೇರೆ ಕಾರ್ಡು. ಟ್ರಾಮ್, ಬಸ್ಸುಗಳಲ್ಲಿ ಗೇಟು ಇಲ್ಲ, ಒಳಗಿನ ಯಂತ್ರಕ್ಕೆ ಹತ್ತಿದ ತಕ್ಷಣ ತಾಗಿಸಬೇಕು. ಮರೆತರೆ ತಪಾಸಣೆಯವರು ದಂಡ ಹಾಕುತ್ತಾರೆ.

ಮೆಟ್ರೋ ಬೆಳಗ್ಗೆ ಐದರ ಆಸುಪಾಸಿನಿಂದ ಮಧ್ಯರಾತ್ರಿಯವರೆಗೆ. ತಡರಾತ್ರಿ ಇಳಿದರೆ ಟ್ಯಾಕ್ಸಿಯೇ ಗತಿ, ಎಚ್ಚರ ಬೇಕಾದದ್ದೂ ಅಲ್ಲೇ. 'ಓಕೆ ಸೂಪರ್‌ಟ್ರಾನ್ಸ್' ಇಲ್ಲಿ ನಂಬಿಕಸ್ಥ ಕಂಪನಿ. ಅದರ ಬಣ್ಣ, ಅಕ್ಷರ, ಲೋಗೋ ನಕಲು ಮಾಡಿ 'ಓಕೆ' ಇರುವ ಜಾಗದಲ್ಲಿ ಬೇರೆ ಅಕ್ಷರ ಬರೆದುಕೊಂಡ ಕಾರುಗಳು ಓಡಾಡುತ್ತವೆ. ಹತ್ತುವ ಮೊದಲು ಕಿಟಕಿಯ ಮೇಲಿನ ದರಪಟ್ಟಿಯಲ್ಲಿ ಕಿಲೋಮೀಟರಿಗೆ ಎಷ್ಟೆಂದು ನೋಡಿ, ಅಲ್ಲಿರುವ ಬೇರೆ ಟ್ಯಾಕ್ಸಿಗಳ ಪಟ್ಟಿಯೊಂದಿಗೆ ಹೋಲಿಸಿ. ಹಲವು ಪಟ್ಟು ಹೆಚ್ಚಿದ್ದರೆ ನಕಲಿ. ಅರೈವಲ್ ಹಾಲ್‌ನೊಳಗೇ ಬಂದು 'ಟ್ಯಾಕ್ಸಿ? ಟ್ಯಾಕ್ಸಿ?' ಎನ್ನುವವರನ್ನು ಹಿಂಬಾಲಿಸಬೇಡಿ. ಒಳಗಿರುವ ಅಧಿಕೃತ ಕೌಂಟರಿನಲ್ಲಿ ಕೇಳಿ, ಇಲ್ಲವೇ 'ಟ್ಯಾಕ್ಸಿಮಿ' ಆ್ಯಪ್‌ನಲ್ಲಿ ಕರೆಸಿ.

ವಸತಿಯನ್ನು ಸೆರ್ದಿಕಾ, ಎನ್‌ಡಿಕೆ ಅಥವಾ ಸೋಫಿಯಾ ವಿಶ್ವವಿದ್ಯಾಲಯ ಮೆಟ್ರೋ ನಿಲ್ದಾಣಗಳಿಗೆ ನಡೆದು ಹೋಗುವಷ್ಟು ದೂರದಲ್ಲಿ ಹಿಡಿಯಿರಿ. ಸೆಂಟ್ರಲ್ ರೈಲು ನಿಲ್ದಾಣದ ಸುತ್ತ ಅಗ್ಗ, ಆದರೆ ಸಂಜೆಯಾದ ಮೇಲೆ ಅಲ್ಲಿ ಅಡ್ಡಾಡುವ ಮನಸ್ಸಾಗುವುದಿಲ್ಲ.

## ಹಂತ 6: ನಗರದ ಮಧ್ಯಭಾಗ, ಒಂದು ದಿನ

ಎಲ್ಲವೂ ನಡಿಗೆಯ ದೂರದಲ್ಲೇ, ಒಟ್ಟು ಮೂರು ಕಿಲೋಮೀಟರಿನಷ್ಟು. ತಪ್ಪು ಮಾಡುವುದು ಅಲೆಕ್ಸಾಂಡರ್ ನೆವ್ಸ್ಕಿ ಕ್ಯಾಥೆಡ್ರಲ್‌ನಿಂದ ಶುರು ಮಾಡುವವರು. ದೊಡ್ಡದನ್ನು ಮೊದಲೇ ನೋಡಿದರೆ ಆಮೇಲಿನ ಸಣ್ಣ ಗುಡಿಗಳ ಮುಂದೆ ಯಾರೂ ನಿಲ್ಲುವುದಿಲ್ಲ. ಪಶ್ಚಿಮದಿಂದ ಪೂರ್ವಕ್ಕೆ ಹೋಗಿ.

1. ಸೆರ್ದಿಕಾ ಮೆಟ್ರೋ ನಿಲ್ದಾಣದೊಳಗೇ ರೋಮನ್ ಊರಿನ ಬೀದಿ, ಗೋಡೆಗಳ ಅವಶೇಷಗಳಿವೆ. ಟಿಕೆಟ್ ಇಲ್ಲದೆ ನೋಡಬಹುದಾದ ಭಾಗವೇ ಬೇಕಾದಷ್ಟು.
2. ಮೇಲೆ ಬಂದರೆ ಬನ್ಯಾ ಬಾಷಿ ಮಸೀದಿ. ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆ ಹೊತ್ತು ಬಿಟ್ಟು ಹೋಗಿ.
3. ಅದರ ಹಿಂದೆ ಹಳೆಯ ಸಾರ್ವಜನಿಕ ಸ್ನಾನಗೃಹ, ಈಗ ನಗರದ ಇತಿಹಾಸ ಮ್ಯೂಸಿಯಂ. ಪಕ್ಕದ ನಲ್ಲಿಗಳಲ್ಲಿ ಬಿಸಿ ಖನಿಜ ನೀರು ಹರಿಯುತ್ತಿರುತ್ತದೆ. ಊರಿನವರು ಕ್ಯಾನು ತುಂಬಿಸಿಕೊಂಡು ಹೋಗುತ್ತಾರೆ, ನೀವೂ ಬಾಟಲಿ ಹಿಡಿಯಬಹುದು.
4. ರಸ್ತೆ ದಾಟಿದರೆ ಯಹೂದಿ ಮಂದಿರ. ಗುರುತಿನ ಚೀಟಿ ಕೇಳುತ್ತಾರೆ, ಪಾಸ್‌ಪೋರ್ಟ್ ಜೊತೆಗಿರಲಿ.
5. ಅಲ್ಲಿಂದ ಹಿಂದಕ್ಕೆ ಬಂದು ಅಧ್ಯಕ್ಷರ ಕಚೇರಿ ಕಟ್ಟಡದ ಒಳಅಂಗಳಕ್ಕೆ ಹೋಗಿ. ನಾಲ್ಕನೇ ಶತಮಾನದ ಸಂತ ಜಾರ್ಜ್ ರೊಟುಂಡಾ, ಅಂದರೆ ದುಂಡಗಿನ ಚರ್ಚ್, ಸುತ್ತಲಿನ ಕಟ್ಟಡಗಳ ನಡುವೆ ಅಡಗಿದೆ. ರಸ್ತೆಯಿಂದ ಕಾಣದ ಕಾರಣ ಬಹಳ ಜನ ಮುಂದೆ ಹೋಗಿಬಿಡುತ್ತಾರೆ. ಕಚೇರಿಯ ಮುಂದೆ ಗಂಟೆಗೊಮ್ಮೆ ಕಾವಲುಗಾರರು ಬದಲಾಗುತ್ತಾರೆ.
6. ಇವಾನ್ ವಾಜೊವ್ ರಂಗಮಂದಿರದ ಮುಂದಿನ ಉದ್ಯಾನ, ರಷ್ಯನ್ ಚರ್ಚ್ ದಾಟಿ ಕೊನೆಗೆ ನೆವ್ಸ್ಕಿ ಕ್ಯಾಥೆಡ್ರಲ್. ಪ್ರವೇಶ ಉಚಿತ, ಫೋಟೋಗೆ ಪ್ರತ್ಯೇಕ ಶುಲ್ಕ. ನೆಲಮಾಳಿಗೆಯಲ್ಲಿ ದೇವಚಿತ್ರಗಳ ಮ್ಯೂಸಿಯಂ, ಅದಕ್ಕೆ ಟಿಕೆಟ್.
7. ಎದುರಿನ ಸಂತ ಸೋಫಿಯಾ ಚರ್ಚಿನ ಕೆಳಗೆ ಪುರಾತನ ಸಮಾಧಿಗಳಿವೆ. ಮೇಲಿನ ಸಾದಾ ಇಟ್ಟಿಗೆ ನೋಡಿ ವಾಪಸ್ ಹೋಗಬೇಡಿ, ಕೆಳಗಿಳಿಯಿರಿ.

ಈ ಭಾಗದ ರಸ್ತೆಗಳಿಗೆ ಹಾಸಿರುವ ಹಳದಿ ಇಟ್ಟಿಗೆ ಮಳೆ ಬಿದ್ದಾಗ ಜಾರುತ್ತದೆ. ಪಾದಚಾರಿ ದಾರಿಯ ಹಾಸುಗಳೂ ಅಲ್ಲಲ್ಲಿ ಎದ್ದಿವೆ. ಹಿಡಿತವಿರುವ ಶೂ ಬೇಕು. ನ್ಯಾಯಾಲಯದ ಕಟ್ಟಡದ ಮುಂದಿನಿಂದ ಬೆಳಗ್ಗೆ ಹೊರಡುವ ಉಚಿತ ನಡಿಗೆ ಟೂರ್ ಇದೆ, ಕೊನೆಗೆ ಮನಸ್ಸಿಗೆ ಬಂದಷ್ಟು ಟಿಪ್ಸ್.

## ಹಂತ 7: ರಿಲಾ ಮಠ

ಸೋಫಿಯಾದಿಂದ ಸುಮಾರು 120 ಕಿಲೋಮೀಟರ್ ದಕ್ಷಿಣಕ್ಕೆ. ಅತಿ ಹೆಚ್ಚು ಜನ ಕೈಚೆಲ್ಲುವುದು ಇಲ್ಲೇ, ಮುಖ್ಯವಾಗಿ ಮೂರು ಕಾರಣಗಳಿಗೆ.

ಮೊದಲನೆಯದು ಹೆಸರು. ರಿಲಾ ಎಂಬ ಬೆಟ್ಟಸಾಲಿದೆ, ರಿಲಾ ಎಂಬ ಸಣ್ಣ ಊರಿದೆ, ರಿಲಾ ಮಠವಿದೆ, ಏಳು ರಿಲಾ ಸರೋವರಗಳಿವೆ. ಊರಿನಿಂದ ಮಠಕ್ಕೆ ಇನ್ನೂ ಇಪ್ಪತ್ತು ಕಿಲೋಮೀಟರ್. ಸರೋವರಗಳು ಬೇರೆ ದಿಕ್ಕು, ಬೇರೆ ದಾರಿ. ಒಂದೇ ದಿನದಲ್ಲಿ ಸಾರ್ವಜನಿಕ ಸಾರಿಗೆಯಲ್ಲಿ ಮಠ, ಸರೋವರ ಎರಡೂ ಆಗುವುದಿಲ್ಲ. ಟಿಕೆಟ್ ಕೊಳ್ಳುವಾಗ 'ರಿಲ್‌ಸ್ಕಿ ಮನಸ್ತಿರ್' ಎನ್ನಿ.

ಎರಡನೆಯದು ನಿಲ್ದಾಣ. ನೇರ ಬಸ್ಸು ಹೊರಡುವುದು ಊರಿನ ನೈಋತ್ಯದ ಒವ್ಚಾ ಕುಪೆಲ್ ಬಸ್ ನಿಲ್ದಾಣದಿಂದ, ಸೆಂಟ್ರಲ್ ನಿಲ್ದಾಣದಿಂದಲ್ಲ. ನ್ಯಾಯಾಲಯದ ಹಿಂದಿನಿಂದ 5ನೇ ನಂಬರಿನ ಟ್ರಾಮ್ ಅತ್ತ ಹೋಗುತ್ತದೆ.

ಮೂರನೆಯದು ಸಮಯ. ಬೆಳಗ್ಗೆ ಹೋಗುವುದು ಒಂದೇ ಬಸ್ಸು, ಹತ್ತು ಗಂಟೆ ದಾಟಿದ ಮೇಲೆ. ಮಠದಿಂದ ವಾಪಸ್ಸೂ ಒಂದೇ, ಮಧ್ಯಾಹ್ನ ಮೂರರ ಸುಮಾರಿಗೆ. ನೋಡಲು ಸಿಗುವುದು ಎರಡು ಗಂಟೆ ಚಿಲ್ಲರೆ. ವೇಳಾಪಟ್ಟಿ ಬದಲಾಗುವುದರಿಂದ ಹಿಂದಿನ ದಿನ ಹೋಟೆಲಿನವರಿಂದ ನಿಲ್ದಾಣಕ್ಕೆ ಫೋನ್ ಮಾಡಿಸಿ. ಅರ್ಧ ಗಂಟೆ ಮೊದಲೇ ಹೋಗಿ, ಬೇಸಿಗೆಯಲ್ಲಿ ಸೀಟು ತುಂಬುತ್ತದೆ. ಮಠದಲ್ಲಿ ಇಳಿದ ಕೂಡಲೇ ವಾಪಸ್ ಸಮಯವನ್ನು ಚಾಲಕನಿಂದ ಬರೆಸಿಕೊಳ್ಳಿ.

ಕುಟುಂಬದ ಜೊತೆ, ವಯಸ್ಸಾದವರ ಜೊತೆ ಹೋಗುವವರಿಗೆ ನಮ್ಮ ಸಲಹೆ ಖಾಸಗಿ ಶಟಲ್. ನೆವ್ಸ್ಕಿ ಕ್ಯಾಥೆಡ್ರಲ್ ಬಳಿಯಿಂದ ಬೆಳಗ್ಗೆ ಹೊರಟು ಸಂಜೆ ಬಿಡುತ್ತಾರೆ, ಕೆಲವರು ಬೊಯಾನಾ ಚರ್ಚನ್ನೂ ಸೇರಿಸುತ್ತಾರೆ. ಬಸ್ಸಿಗಿಂತ ದುಬಾರಿ, ತಲೆನೋವು ಕಡಿಮೆ.

ಮಠ 1,147 ಮೀಟರ್ ಎತ್ತರದಲ್ಲಿದೆ, ಬೇಸಿಗೆಯಲ್ಲೂ ಒಂದು ಸ್ವೆಟರ್ ಇರಲಿ. ಭುಜ, ಮಂಡಿ ಮುಚ್ಚಿರಬೇಕು. ಚರ್ಚಿನೊಳಗೆ ಫೋಟೋ ನಿಷಿದ್ಧ, ಹೊರಗಿನ ಮೊಗಸಾಲೆಯ ಚಿತ್ರಗಳನ್ನು ತೆಗೆಯಬಹುದು. ಮ್ಯೂಸಿಯಂ ಟಿಕೆಟ್ ಬೇರೆ, ಬಿಡಬೇಡಿ: ರಾಫೇಲ್ ಎಂಬ ಸನ್ಯಾಸಿ 1802ರಲ್ಲಿ ಮುಗಿಸಿದ ಮರದ ಶಿಲುಬೆ ಅಲ್ಲಿದೆ, ಅದರಲ್ಲಿ 600ಕ್ಕೂ ಹೆಚ್ಚು ಪುಟ್ಟ ಆಕೃತಿಗಳು. ಸಮಯ ಕಡಿಮೆ ಇದ್ದರೆ ಇಳಿದವರೇ ಮೊದಲು ಮ್ಯೂಸಿಯಂ, ಆಮೇಲೆ ಚರ್ಚು, ಕೊನೆಗೆ ಅಂಗಳ.

## ಹಂತ 8: ವಿಟೋಶಾ ಮತ್ತು ಬೊಯಾನಾ

ಎರಡಕ್ಕೂ ಹ್ಲದಿಲ್ನಿಕಾ ಬಸ್ ನಿಲ್ದಾಣವೇ ಬುಡ. ಬೆಟ್ಟ ಬೆಳಗ್ಗೆ, ಚರ್ಚು ಮಧ್ಯಾಹ್ನ. ತಿರುವಿದರೆ ಬೆಟ್ಟದ ಮೇಲೆ ಮೋಡ ಕವಿದ ಹೊತ್ತಿಗೆ ತಲುಪುತ್ತೀರಿ.

66ನೇ ನಂಬರ್ ಬಸ್ಸು ಸುಮಾರು 1,800 ಮೀಟರ್ ಎತ್ತರದ ಅಲೆಕೊವರೆಗೆ ಹತ್ತುತ್ತದೆ. ಅಲ್ಲಿಂದ 2,290 ಮೀಟರಿನ ಚೆರ್ನಿ ವ್ರಾಹ್ ಶಿಖರಕ್ಕೆ ಒಂದೂವರೆ ಗಂಟೆ ನಡಿಗೆ. ದಾರಿ ಸ್ಪಷ್ಟ, ಕಷ್ಟವೇನಿಲ್ಲ. ಅಪಾಯ ಬರುವುದು ಮಂಜಿನಿಂದ. ದಾರಿಗುರುತಿನ ಕಂಬಗಳಲ್ಲಿ ಮುಂದಿನದ್ದು ಕಾಣದಾದರೆ ಅಲ್ಲಿಂದಲೇ ಹಿಂದಿರುಗಿ. ಮಳೆ ಅಂಗಿ, ನೀರು, ಬಿಸ್ಕೆಟ್ ಜೊತೆಗಿರಲಿ. ತುರ್ತಿಗೆ ನಂಬರ್ 112. ಇಳಿಯುವ ಕೊನೆಯ ಬಸ್ಸಿನ ಹೊತ್ತನ್ನು ಹತ್ತುವಾಗಲೇ ಕೇಳಿಕೊಳ್ಳಿ.

ಬೊಯಾನಾ ಚರ್ಚಿಗೆ 64ನೇ ನಂಬರ್. 1259ರ ಭಿತ್ತಿಚಿತ್ರಗಳು ಉಸಿರಿನ ತೇವಕ್ಕೆ ಹಾಳಾಗದಿರಲೆಂದು ಒಮ್ಮೆಗೆ ಸಣ್ಣ ಗುಂಪನ್ನು ಹತ್ತೇ ನಿಮಿಷ ಬಿಡುತ್ತಾರೆ, ಫೋಟೋ ಇಲ್ಲ. ಸಾಲಿನಲ್ಲಿ ಕಾಯುವಾಗಲೇ ಚಿತ್ರಗಳ ಬಗ್ಗೆ ಓದಿಕೊಂಡಿರಿ. ಒಳಗೆ ಹೋದ ಮೇಲೆ ಫೋನು ತೆರೆದು ಓದುತ್ತ ನಿಂತರೆ ಹತ್ತು ನಿಮಿಷ ಹೋದದ್ದೇ ತಿಳಿಯುವುದಿಲ್ಲ.

## ಹಂತ 9: ಸಸ್ಯಾಹಾರಿಗಳ ಊಟ

ಹೇಳಬೇಕಾದ ಮಾತು 'ಬೆಸ್ ಮೆಸೊ', ಮಾಂಸ ಬೇಡ. ಮೊಟ್ಟೆಯೂ ಬೇಡವಾದರೆ 'ಬೆಸ್ ಯೈತ್ಸಾ'. ಹಾಲು, ಮೊಟ್ಟೆ ಯಾವುದೂ ಇಲ್ಲದ ಉಪವಾಸದ ಅಡುಗೆಗೆ 'ಪೊಸ್ತ್ನೊ' ಎನ್ನುತ್ತಾರೆ.

ಧೈರ್ಯವಾಗಿ ತಿನ್ನಬಹುದಾದವು: ಟೊಮೆಟೊ, ಸೌತೆಕಾಯಿ ಮೇಲೆ ಬಿಳಿ ಚೀಸ್ ತುರಿದ ಶೋಪ್ಸ್ಕಾ ಸಲಾಡ್, ತೆಳ್ಳಗಿನ ಸೌತೆಕಾಯಿ ಮೊಸರುಬಜ್ಜಿಯಂತಿರುವ ತಣ್ಣನೆಯ ತರತೋರ್, ಚೀಸಿಗೆ ಬ್ರೆಡ್ ಪುಡಿ ಹಚ್ಚಿ ಕರಿದ ಕಷ್ಕವಲ್ ಪಾನೆ, ಇದರ ಲೇಪದಲ್ಲಿ ಮೊಟ್ಟೆ ಇರುತ್ತದೆ. ಕೇಳಿ ತಿನ್ನಬೇಕಾದವು: ಬೀನ್ಸ್ ಕಾಳಿನ ಸಾರಿನಂಥ ಬೊಬ್ ಚೋರ್ಬಾ, ಕೆಲವು ಕಡೆ ಮಾಂಸದ ತುಂಡು ಹಾಕುತ್ತಾರೆ; ತುಂಬಿದ ದೊಣ್ಣೆಮೆಣಸು, ಒಳಗೆ ಸಾಮಾನ್ಯವಾಗಿ ಖೈಮಾ. ಬೆಳಗಿನ ಬನಿತ್ಸಾದಲ್ಲಿ ಚೀಸಿನ ಜೊತೆ ಮೊಟ್ಟೆ ಇದ್ದೇ ಇರುತ್ತದೆ. ಬೇಕರಿಯಲ್ಲಿ ಎಂಟು ಗಂಟೆಯೊಳಗೆ ಹೋದರೆ ಬಿಸಿಯದು ಸಿಗುತ್ತದೆ. ನಲ್ಲಿ ನೀರು ಕುಡಿಯಬಹುದು. ಟಿಪ್ಸ್ ಹತ್ತು ಪ್ರತಿಶತ ವಾಡಿಕೆ.

## ಹಂತ 10: ಹೊರಡುವ ದಿನ

ಬೋರ್ಡಿಂಗ್ ಪಾಸಿನಲ್ಲಿ ಟರ್ಮಿನಲ್ ಯಾವುದೆಂದು ಮೊದಲು ನೋಡಿ. ಸೆರ್ದಿಕಾದ ಒಂದೇ ಪ್ಲಾಟ್‌ಫಾರ್ಮಿಗೆ ಎರಡು ಮಾರ್ಗದ ರೈಲು ಬರುತ್ತವೆ: ವಿಮಾನ ನಿಲ್ದಾಣದ್ದು ಎಂ4, ಬಿಸಿನೆಸ್ ಪಾರ್ಕಿನದ್ದು ಎಂ1. ಅವಸರದಲ್ಲಿ ಎಂ1 ಹತ್ತಿಬಿಟ್ಟರೆ ಗಾಬರಿಯಾಗಬೇಡಿ, ಮ್ಲಾದೊಸ್ತ್ 1 ನಿಲ್ದಾಣದಲ್ಲಿ ಇಳಿದು ಎಂ4ಕ್ಕೆ ಕಾಯಿರಿ. ಅದನ್ನು ದಾಟಿ ಹೋದರೆ ವಾಪಸ್ ಅಲ್ಲಿಗೇ ಬರಬೇಕು. ಟರ್ಮಿನಲ್ 1ರ ವಿಮಾನವಾದರೆ ಮೆಟ್ರೋ ಇಳಿದ ಮೇಲೆ ಶಟಲ್‌ಗೆಂದು ಇನ್ನೂ ಅರ್ಧ ಗಂಟೆ ಸೇರಿಸಿಕೊಳ್ಳಿ.